ನಲವತ್ತೊಂದು ಹಲ್ಲು

ಮಾನೇಸರಿನ ಗೇರ್ ಕಾರ್ಖಾನೆಯಲ್ಲಿ ಜಲಜಾಳಿಗೆ ಇಪ್ಪತ್ತೆರಡು ವರ್ಷ ಸಂದಿದ್ದವು. ಹಲ್ಲು ಕೊರೆದು ಬಂದ ಚಕ್ರಗಳನ್ನು ಅಳೆದು, ಸರಿಯಿದ್ದರೆ ಹಸಿರು ಬಣ್ಣ, ಇಲ್ಲದಿದ್ದರೆ ಕೆಂಪು ಬಣ್ಣ ಹಚ್ಚುವುದು ಅವಳ ಕೆಲಸ. ಸೇರಿದ ಹೊಸತರಲ್ಲಿ, ದಿನವೂ ಟೀ ತಂದುಕೊಡುತ್ತಿದ್ದ ಫೋರ್‌ಮನ್ ಒಬ್ಬ “ಇದನ್ನೆಲ್ಲ ನಾನೇ ನೋಡಿದ್ದೀನಿ, ಹಸಿರು ಹಚ್ಚಿಬಿಡಿ” ಎಂದಾಗ ಅವನ ಮುಖ ನೋಡಿ ಹಚ್ಚಿದ್ದಳು. ಹಾಗೆ ಹಚ್ಚಿದ ಇನ್ನೂರು ಪಿನಿಯನ್‌ಗಳೂ, ಅಂದರೆ ಸಣ್ಣ ಗೇರ್‌ಗಳೂ, ಕಿರುಗುಟ್ಟುತ್ತವೆಂದು ತಿಂಗಳೊಳಗೆ ವಾಪಸು ಬಂದವು. ಮೆಮೊ ಬಂದದ್ದು ಜಲಜಾಳಿಗೆ. ಫೋರ್‌ಮನ್‌ಗೆ ತಾನು ಏನು ಹೇಳಿದ್ದೆನೆಂಬುದೇ ನೆನಪಿರಲಿಲ್ಲ.

ಅಂದಿನಿಂದ ಅವಳು ಯಾರ ಬಾಯಿಮಾತನ್ನೂ ನಂಬುವುದನ್ನು ಬಿಟ್ಟಳು. ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಹಾಲಿನವನ ಅಳತೆ ಪರೀಕ್ಷಿಸಲು ಗಾಜಿನ ಜಾರ್ ಬಂತು. ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದ ಗಂಡ ದಕ್ಷಿಣಾಮೂರ್ತಿ ಮೊದಮೊದಲು ನಕ್ಕರು, ಆಮೇಲೆ ಒಗ್ಗಿಕೊಂಡರು. ಮಗಳು ಹರ್ಷಿಣಿ ಮಾತ್ರ ಒಗ್ಗಲಿಲ್ಲ. “ಅಮ್ಮಾ, ಹರ್ ಕಿಸೀ ಪೆ ಶಕ್! ಎಲ್ಲರ ಮೇಲೂ ಅನುಮಾನ, ಎಲ್ಲರೂ ಕಳ್ಳರಾ?” ಎನ್ನುತ್ತಿದ್ದಳು.

ಇಂಥ ಜಲಜಾ ರೇಸಿನ ಕಾರಿನ ಗೊಡವೆಗೆ ಹೋದದ್ದು ರಘುನಂದನ್‌ನಿಂದ. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮೈಸೂರಿನ ಹುಡುಗ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತಿದ್ದ. ಅವಳ ಕೆಲಸ ತಿಳಿಯುತ್ತಲೇ ಹೋಳಿಗೆ ಬಿಟ್ಟು ಅವಳತ್ತ ತಿರುಗಿದ. ಅವನ ಬಳಿ ಹಳೆಯ ಫಿಯಟ್ ಇತ್ತು. ಹಳೆಯ ಗಾಡಿಗಳನ್ನು ನಿಷೇಧಿಸಿದ್ದ ದೆಹಲಿಯ ರಸ್ತೆಯಲ್ಲಿ ಅದನ್ನು ಓಡಿಸುವಂತಿರಲಿಲ್ಲ. ಅದನ್ನು ಲಾರಿಯ ಮೇಲೆ ಹೇರಿಕೊಂಡು ಗ್ರೇಟರ್ ನೋಯ್ಡಾದ ಟ್ರ್ಯಾಕಿಗೆ ಒಯ್ದು, ತನ್ನಂಥ ಹವ್ಯಾಸಿಗಳ ಜೊತೆ ರೇಸ್ ಮಾಡುತ್ತಿದ್ದ.

“ಆಂಟಿ, ತಿರುವಿನಲ್ಲಿ ಒಳಗಡೆ ಚಕ್ರ ಸುಮ್ಮನೆ ಗಿರಗಿರ ಸುತ್ತುತ್ತೆ. ಕಾರು ಮುಂದಕ್ಕೇ ಹೋಗಲ್ಲ.”

“ಸುತ್ತದೇ ಇನ್ನೇನು? ತಿರುವಿನಲ್ಲಿ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಬೀಳುತ್ತೆ, ಒಳಗಿನದು ಹಗುರವಾಗುತ್ತೆ. ಎರಡು ಚಕ್ರಕ್ಕೂ ಶಕ್ತಿ ಹಂಚೋ ಮಾಮೂಲಿ ಡಿಫರೆನ್ಷಿಯಲ್ ಸೋಮಾರಿಗೇ ಅನ್ನ ಹಾಕೋ ಜಾತಿ. ಹಗುರವಾದ ಕಡೆಗೇ ಶಕ್ತಿ ಬಿಟ್ಟುಬಿಡುತ್ತೆ. ಒಳಗೆ ಪ್ಲೇಟುಗಳಿರೋದನ್ನ ಹಾಕಿಸು. ಒಂದು ಚಕ್ರ ಜಾರಿದರೂ ಇನ್ನೊಂದನ್ನ ಅದು ಹಿಡಿದುಕೊಳ್ಳುತ್ತೆ.”

ಎರಡೇ ವಾರದಲ್ಲಿ ಅವಳು ರಘುವಿನ ಜೊತೆ ಮಾನೇಸರಿನಾಚೆಯ ಬಿಲಾಸ್‌ಪುರ ಚೌಕದ ಬಳಿ, ಮೆಕ್ಯಾನಿಕ್ ಕಿಶನ್‌ನ ಗ್ಯಾರೇಜಿನಲ್ಲಿದ್ದಳು. ಕಿಶನ್ ಹರಿಯಾಣದ ರೇವಾಡಿಯವನು, ಐವತ್ತರ ಹತ್ತಿರದವನು. ಜೀಪು, ಟ್ಯಾಕ್ಸಿಗಳ ಹಿಂದಿನ ಆಕ್ಸಲ್ ಬಿಚ್ಚುತ್ತಲೇ ತಲೆ ನರೆತಿತ್ತು. ಪ್ಲೇಟಿನ ಡಿಫರೆನ್ಷಿಯಲ್ ಬಗ್ಗೆ ಇಬ್ಬರದೂ ಒಂದೇ ಮಾತಾಯಿತು. ಜಗಳ ಹತ್ತಿದ್ದು ಹಲ್ಲಿನ ಲೆಕ್ಕಕ್ಕೆ.

ಇಂಜಿನ್ನಿನ ಕಡೆಯಿಂದ ಬರುವ ಪಿನಿಯನ್‌ಗೆ ಹತ್ತು ಹಲ್ಲು. ಅದು ತಿರುಗಿಸುವ ದೊಡ್ಡ ಚಕ್ರವಾದ ಕ್ರೌನಿಗೆ ನಲವತ್ಮೂರು ಹಲ್ಲಿರಲಿ ಎಂದು ಕಿಶನ್. ಹಲ್ಲು ಹೆಚ್ಚಿದಷ್ಟೂ ಕಾರು ತಿರುವಿನಿಂದ ಜಿಗಿದು ಹೊರಬರುತ್ತದೆ. ಆದರೆ ಉದ್ದನೆಯ ನೇರದಾರಿಯಲ್ಲಿ ಇಂಜಿನ್ ಬೇಗ ಏದುಸಿರು ಬಿಡುತ್ತದೆ. ಜಲಜಾ ಲೆಕ್ಕ ಹಾಕಿದ್ದಳು. ನಲವತ್ತೊಂದಾದರೆ ನೇರದಾರಿಯ ಕೊನೆಗೆ ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ಐದು ಸಾವಿರದ ಒಂಬೈನೂರಕ್ಕೆ ನಿಲ್ಲಬೇಕು. ಆ ಹಳೆಯ ಇಂಜಿನ್ನಿಗೆ ಅದೇ ಮಿತಿ.

“ದೀದಿ, ಕಾಗದ ತಿರುವಿನಲ್ಲಿ ಓಡೋದಿಲ್ಲ” ಎಂದ ಕಿಶನ್ ಹಿಂದಿಯಲ್ಲಿ.

“ಇಂಜಿನ್ ಒಡೆದರೆ ಕಾರೂ ಓಡೋದಿಲ್ಲ, ಕಿಶನ್ ಜೀ.”

ರಘು ಆಂಟಿಯ ಪಕ್ಷ ವಹಿಸಿದ. ಜಲಜಾ ನಲವತ್ತೊಂದು ಹಲ್ಲಿನ ಕ್ರೌನನ್ನು ತಾನೇ ಅಳೆದು, ಅದರ ಬೆನ್ನಿಗೆ ಕೊರೆಯುವ ಪೆನ್ನಿನಿಂದ ‘ಜ’ ಎಂದು ಬರೆದಳು. ಆ ಗ್ಯಾರೇಜಿನ ಆಸುಪಾಸಿನಲ್ಲಿ ಆ ಅಕ್ಷರ ಬರೆಯಬಲ್ಲವರು ಇನ್ನಾರೂ ಇರಲಿಲ್ಲ. ಕಾರಿನ ಚಕ್ರವನ್ನು ನೆಲದ ಮೇಲೆ ಒಂದು ಸುತ್ತು ಉರುಳಿಸಿ, ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ಎಂದು ಪುಸ್ತಕದಲ್ಲಿ ಗುರುತು ಮಾಡಿಕೊಂಡಳು. “ಇನ್ನು ನನ್ನನ್ನ ಕೇಳದೆ ಏನನ್ನೂ ಬದಲಾಯಿಸಬೇಡ” ಎಂದು ರಘುವಿಗೆ ಹೇಳಿ ಹೊರಟಳು. ಕ್ರೌನ್ ಜೋಡಿಸಲು ಮುಂದಿನ ಮೂರು ದಿನ ಆಕ್ಸಲ್ ಕಿಶನ್‌ನ ಕೈಯಲ್ಲಿತ್ತು.

ಡಿಸೆಂಬರಿನ ಒಂದು ಭಾನುವಾರ, ಮಂಜು ಕರಗಿದ ಮೇಲೆ ಕಾರು ಟ್ರ್ಯಾಕಿಗಿಳಿಯಿತು. ತಿರುವುಗಳಲ್ಲಿ ಚಿರತೆಯ ಹಾಗೆ ಹೊರಟಿತು. ನೇರದಾರಿಯ ಅರ್ಧ ದಾಟುತ್ತಲೇ ಇಂಜಿನ್ನಿನ ದನಿ ಜಲಜಾಳ ಕಿವಿಗೆ ಚುಚ್ಚಿತು. ಇಷ್ಟು ಎತ್ತರದ ದನಿ ಬರಬಾರದಿತ್ತು. ಕಾರು ವಾಪಸು ಬಂದಾಗ ಬಗ್ಗಿ ನೋಡಿದಳು. ಮೀಟರಿನಲ್ಲಿ ಗರಿಷ್ಠವನ್ನು ತೋರಿಸಿ ನಿಲ್ಲುವ ಕೆಂಪು ಮುಳ್ಳು ಆರು ಸಾವಿರದ ಇನ್ನೂರರ ಮೇಲಿತ್ತು.

“ಕೊನೇಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೀಬೇಕಾಯ್ತು ಆಂಟಿ. ಇಲ್ಲದಿದ್ರೆ ಇಂಜಿನ್ ಹೋಗ್ತಿತ್ತು.”

“ಏನಾದರೂ ಬದಲಾಯಿಸಿದೆಯಾ?”

“ಇಂಜಿನ್‌ಗೆ ಕೈಯೇ ಹಾಕಿಲ್ಲ.” ಹೆಲ್ಮೆಟ್ ಕಳಚುತ್ತಾ ರಘು ಮುಖ ಬೇರೆಡೆ ತಿರುಗಿಸಿದ. “ಕಿಶನ್ ಭಯ್ಯಾ ಮೊದಲಿಂದಲೂ ನಲವತ್ಮೂರೇ ಅಂತಿದ್ದ, ಅಲ್ವಾ?”

ಆ ಮಾತು ಅವಳೊಳಗೆ ಮುಳ್ಳಿನಂತೆ ಸೇರಿಕೊಂಡಿತು. ಮನೆಗೆ ಬರುವಷ್ಟರಲ್ಲಿ ಲೆಕ್ಕವೂ ಹೊಂದಿಕೊಂಡಿತ್ತು. ನಲವತ್ಮೂರಾದರೆ ಮುಳ್ಳು ಸರಿಸುಮಾರು ಅಲ್ಲಿಗೇ ಹೋಗಬೇಕು. ಅವನು ತನ್ನ ಹಟ ಸಾಧಿಸಿದ್ದಾನೆ. ಹೆಂಗಸಿನ ಕಾಗದದ ಲೆಕ್ಕ ಸೋಲಲಿ ಎಂದು, ಮೂರು ದಿನ ಕೈಯಲ್ಲಿಟ್ಟುಕೊಂಡು, ಕ್ರೌನ್ ಬದಲಾಯಿಸಿದ್ದಾನೆ. ಆ ದಿನ ‘ಜ’ ಬರೆಯುವಾಗ ಅವನು ಮೂಗಿನಲ್ಲೇ ನಕ್ಕದ್ದು ಈಗ ಅರ್ಥವಾದಂತಾಯಿತು. ಊಟದ ಹೊತ್ತಿಗೆ ಗಂಡನಿಗೂ ಹೇಳಿದಳು.

“ಬಿಚ್ಚಿ ನೋಡಿದ್ದೀಯಾ?” ಎಂದರು ದಕ್ಷಿಣಾಮೂರ್ತಿ.

“ನೋಡೋದೇನ್ರೀ, ಲೆಕ್ಕವೇ ಹೇಳುತ್ತೆ.”

ಮುಂದಿನ ಶನಿವಾರ ಲಾರಿಯಲ್ಲಿ ಕಾರು ಗ್ಯಾರೇಜಿಗೆ ಬಂತು. ರಘುವಿಗೆ ಮೀಟಿಂಗ್ ಇತ್ತಂತೆ, ಬರಲಿಲ್ಲ. ಜಲಜಾ ಒಳಗೆ ಕಾಲಿಟ್ಟವಳೇ ಗೋಡೆಯ ಶೆಲ್ಫ್ ನೋಡಿದಳು. ಕಿಶನ್ ಹಿಂದೆ ತೋರಿಸಿದ್ದ, ನಲವತ್ಮೂರು ಹಲ್ಲಿನ ಕ್ರೌನ್-ಪಿನಿಯನ್ ಜೋಡಿಯಿದ್ದ ರಟ್ಟಿನ ಪೆಟ್ಟಿಗೆ ಅಲ್ಲೇ ಇತ್ತು. ಎತ್ತಿದರೆ ಖಾಲಿ.

“ಇದರಲ್ಲಿದ್ದದ್ದು ಎಲ್ಲಿ?”

“ಅಲ್ವರ್‌ ಊರಿನ ಗಿರಾಕಿಯೊಬ್ಬ ಒಯ್ದ, ದೀದಿ.”

“ಅಲ್ವರ್‌ಗೆ ಹೋಯ್ತೋ, ಈ ಕಾರಿನೊಳಗೆ ಹೋಯ್ತೋ?”

ಕಿಶನ್ ಕೈಯೊರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ. ಪಕ್ಕದ ಟೀ ಅಂಗಡಿಯ ಇಬ್ಬರು ಇತ್ತ ಕತ್ತು ಚಾಚಿದರು. ಅವನು ಅವರತ್ತಲೂ ನೋಡಿದ, ಅವಳತ್ತಲೂ ನೋಡಿದ.

“ಬಿಚ್ಚಬೇಕಾಗಿಲ್ಲ. ಚಕ್ರ ಹತ್ತು ಸುತ್ತು ತಿರುಗಿಸ್ತೀನಿ, ಶಾಫ್ಟ್ ಎಷ್ಟು ಸುತ್ತುತ್ತೆ ಎಣಿಸಿ. ನಲವತ್ತೊಂದೋ ನಲವತ್ಮೂರೋ ತಿಳಿದುಹೋಗುತ್ತೆ.”

“ತಿರುಗಿಸೋರು ನೀವೇ ತಾನೆ? ನನಗೆ ಕಣ್ಣಾರೆ ನೋಡಬೇಕು.”

ಕಿಶನ್ ಸ್ಪ್ಯಾನರ್ ಎತ್ತಿಕೊಂಡ. ಕಾರನ್ನು ಜಾಕಿಗೇರಿಸಿ ಚಕ್ರ ಬಿಚ್ಚಿದ. ಬಿಚ್ಚಿದ ಚಕ್ರವನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಿ, ಗೋಡೆಗೆ ಒರಗಿಸಿದ. ಎಣ್ಣೆ ಬಸಿದ. ಎರಡೂ ಆಕ್ಸಲ್ ಎಳೆದ. ಒಂದೂವರೆ ಗಂಟೆ ಜಲಜಾ ಸ್ಟೂಲಿನ ಮೇಲೆ ಕೂತು ಅವನ ಕೈಗಳ ಮೇಲಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಇಡೀ ಗೇರು ಹೊರಬಂತು. ಕಿಶನ್ ಅದನ್ನು ಡೀಸೆಲ್ಲಿನಲ್ಲಿ ತೊಳೆದು, ಮೇಜಿನ ಮೇಲಿಟ್ಟು, ದೀಪ ಎಳೆದು ತಂದ.

ಕ್ರೌನಿನ ಬೆನ್ನ ಮೇಲೆ ‘ಜ’ ಇತ್ತು. ಅವಳದೇ ಕೈಬರಹ, ಸುರುಳಿ ಸ್ವಲ್ಪ ಸೊಟ್ಟ. ಆದರೂ ಅವಳು ಎಣಿಸಿದಳು. ನಲವತ್ತೊಂದು. ಇನ್ನೊಮ್ಮೆ ಎಣಿಸಿದಳು.

“ಆಯ್ತಾ?” ಎಂದ ಕಿಶನ್. ಗೋಡೆಗೊರಗಿದ್ದ ಚಕ್ರವನ್ನು ಅವಳ ಮುಂದಕ್ಕೆ ಉರುಳಿಸಿದ. “ಈಗ ಇದನ್ನ ಅಳೀರಿ.”

ರಿಮ್ಮು ಹಳೆಯದೇ. ಟೈರು ಬೇರೆ. ಯಾರೋ ಬಳಸಿ ಬಿಟ್ಟ, ಪಕ್ಕದ ಎತ್ತರ ಕಡಿಮೆಯಿರುವ ಗಿಡ್ಡ ರೇಸಿಂಗ್ ಟೈರು. ಜಲಜಾ ಟೇಪ್ ಹಾಸಿ ಒಂದು ಸುತ್ತು ಉರುಳಿಸಿದಳು. ಒಂದು ಮೀಟರ್ ಎಪ್ಪತ್ತೊಂದು. ಚಕ್ರದ ಸುತ್ತಳತೆ ಒಂಬತ್ತು ಸೆಂಟಿಮೀಟರ್ ಕಿರಿದಾದರೆ, ಅದೇ ವೇಗಕ್ಕೆ ಇಂಜಿನ್ ಅಷ್ಟು ಹೆಚ್ಚು ಸುತ್ತಲೇಬೇಕು. ಗೇರಿನ ಹಲ್ಲು ಕದಲದಿದ್ದರೂ ಮುಳ್ಳು ಆರು ಸಾವಿರದ ಇನ್ನೂರಕ್ಕೇರುತ್ತದೆ. ಕಾರ್ಖಾನೆಗೆ ಹೊಸದಾಗಿ ಬರುವ ಟ್ರೈನಿಗಳಿಗೂ ಹೊಳೆಯಬೇಕಾದ ವಿಷಯ.

“ಚಕ್ರ ಬಿಚ್ಚಿದಾಗಲೇ ನಿಮಗೆ ಗೊತ್ತಾಯ್ತು. ಆಗಲೇ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನಂಬುತ್ತಿದ್ದಿರಾ, ಮೇಡಂ?”

ಜಲಜಾ ಟೇಪ್ ಸುತ್ತಿಟ್ಟಳು. ಹೊರಗೆ ಬಂದು ರಘುವಿಗೆ ಫೋನ್ ಮಾಡಿದಳು. ಅವನು ಮೊದಲು ನಕ್ಕ, ಆಮೇಲೆ ತಡವರಿಸಿದ. ಟ್ರ್ಯಾಕಿನ ಗೆಳೆಯನೊಬ್ಬ ಒಳ್ಳೆಯ ಟೈರು ಕೊಟ್ಟಿದ್ದ, ಟ್ರ್ಯಾಕಿಗಿಳಿಯುವ ಎರಡು ದಿನ ಮುಂಚೆ, ಶುಕ್ರವಾರ, ಹಾಕಿಸಿಕೊಂಡಿದ್ದ. ಕೇಳದೆ ಬದಲಾಯಿಸಬೇಡ ಎಂದಿದ್ದರಲ್ಲ, ಬೈತಾರೆ ಅಂತ ಸುಮ್ಮನಿದ್ದ.

“ನಾನು ಕೇಳಿದಾಗ ಇಂಜಿನ್ ಮುಟ್ಟಿಲ್ಲ ಅಂದೆ, ಟೈರಿನ ಮಾತೇ ಎತ್ತಲಿಲ್ಲ. ಕಿಶನ್ ಹೆಸರನ್ನೂ ನೀನೇ ತೆಗೆದೆ.”

“ಸುಮ್ಮನೆ ಅಂದೆ ಆಂಟಿ. ನೀವು ಇಷ್ಟು ದೂರ ತಗೊಂಡು ಹೋಗ್ತೀರಿ ಅಂತ...”

“ಮೀಟಿಂಗ್ ಮುಗಿಸ್ಕೊಂಡು ಇಲ್ಲಿಗೆ ಬಾ. ಅವರೆದುರು ಹೇಳು.”

ಅವನು ಬರುವವರೆಗೆ ಅವಳು ಟೀ ಅಂಗಡಿಯ ಬೆಂಚಿನ ಮೇಲೆ ಕೂತಳು. ಅವಳನ್ನು ಕುಟುಕಿದ್ದು ತಪ್ಪಿದ ಲೆಕ್ಕವಲ್ಲ. ರಘುವಿನ ಕಾರಿನ ಟೈರು ನೋಡಬೇಕೆಂದು ಅವಳಿಗೆ ಅನಿಸಿಯೇ ಇರಲಿಲ್ಲ. ಅವನು ಕನ್ನಡದಲ್ಲಿ ಆಂಟಿ ಎನ್ನುತ್ತಿದ್ದ, ಮೈಸೂರಿನ ಮನೆಯ ಸುದ್ದಿ ಹೇಳುತ್ತಿದ್ದ. ಯಾರನ್ನೂ ನಂಬುವವಳಲ್ಲ ಎಂದುಕೊಂಡಿದ್ದವಳು ಅವನ ಮಾತನ್ನು ಅಳೆಯದೆ ಹಸಿರು ಹಚ್ಚಿದ್ದಳು. ಜಿಡ್ಡುಗೈಯ ಹರಿಯಾಣದವನಿಗೆ ಮಾತ್ರ ಕೆಂಪು ಹಚ್ಚಿದ್ದಳು, ಅದೂ ಅಳೆಯುವ ಮೊದಲೇ.

ಎದ್ದು ಒಳಗೆ ಹೋದಳು. “ಕಿಶನ್ ಜೀ, ತಪ್ಪು ನನ್ನದು. ಇವರೆಲ್ಲರ ಎದುರು ಅಂದೆ, ಅದಕ್ಕೇ ಇವರೆಲ್ಲರ ಎದುರೇ ಹೇಳ್ತಿದ್ದೀನಿ.”

ಟೀ ಅಂಗಡಿಯವರು ಲೋಟದೊಳಗೆ ನೋಡತೊಡಗಿದರು. ಕಿಶನ್ ಪ್ಲೇಟುಗಳನ್ನು ಒಂದೊಂದಾಗಿ ಒರೆಸುತ್ತಿದ್ದ. “ಅಚ್ಛಾ” ಎಂದಷ್ಟೇ ಹೇಳಿದ.

ಸಂಜೆಗೆ ರಘು ಬಂದು, ತಲೆ ತಗ್ಗಿಸಿ, ಹೇಳಬೇಕಾದ್ದನ್ನು ಹೇಳಿದ. ಆದರೆ ಟೈರು ಬಿಡಲು ಅವನಿಗೆ ಮನಸ್ಸಿರಲಿಲ್ಲ. ಹಿಡಿತ ಚೆನ್ನಾಗಿತ್ತು. ಜಲಜಾ ಪೆನ್ನು ತೆಗೆದಳು. ಆ ಗಿಡ್ಡ ಟೈರಿಗೆ ಮೂವತ್ತೊಂಬತ್ತು ಹಲ್ಲಿನ ಕ್ರೌನ್ ಹಾಕಿದರೆ ಲೆಕ್ಕ ಮತ್ತೆ ಐದು ಸಾವಿರದ ಒಂಬೈನೂರಕ್ಕೇ ಕೂರುತ್ತಿತ್ತು. ಬರೆದದ್ದನ್ನು ಈ ಸಲ ಕಿಶನ್‌ನತ್ತ ತಿರುಗಿಸಿದಳು.

“ಲೆಕ್ಕ ಸರಿ” ಎಂದ ಅವನು ಅಂಕಿಗಳ ಮೇಲೆ ಬೆರಳಾಡಿಸಿ. “ಆದರೆ ಇಷ್ಟು ಹಿಡಿತದ ಟೈರಿದ್ದರೆ ಕಾರು ಇನ್ನೂ ಜೋರಾಗಿ ತಿರುಗುತ್ತೆ, ಒಳಚಕ್ರ ಇನ್ನೂ ಹಗುರವಾಗುತ್ತೆ. ಪ್ಲೇಟು ಜಾರುತ್ತೆ. ಬಿಗಿ ಮಾಡಬೇಕು.”

“ಎಷ್ಟು ಬಿಗಿ?”

“ಅದು ಕೈಗೆ ಗೊತ್ತಾಗುತ್ತೆ.”

ಹಿಂದೆ ಆಗಿದ್ದರೆ ಅವಳು ಅಂಕಿ ಕೇಳಿ ಪಟ್ಟು ಹಿಡಿಯುತ್ತಿದ್ದಳು. ಈಗ “ತೋರಿಸಿ” ಎಂದಳು. ಅವನು ಪ್ಲೇಟಿನ ಅಂಚಿನಲ್ಲಿ ಜಾರಿ, ಕಾದು ನೀಲಿಗಟ್ಟಿದ ಕಲೆಗಳನ್ನು ತೋರಿಸಿದ. ನಿಜವಾಗಿಯೂ ಕಲೆಗಳಿದ್ದವು.

ಫೆಬ್ರವರಿಯ ರೇಸಿನಲ್ಲಿ ಒಂಬತ್ತು ಕಾರುಗಳಿದ್ದವು. ರಘುವಿನದು ನಾಲ್ಕನೆಯದಾಗಿ ಬಂತು. ಕಿಶನ್ ಮೊದಲ ಸಲ ಟ್ರ್ಯಾಕ್ ನೋಡಲು ಬಂದಿದ್ದ. ಜಲಜಾಳ ಪಕ್ಕದಲ್ಲಿ, ಆದರೆ ಎರಡು ಮಾರು ದೂರದಲ್ಲಿ ನಿಂತಿದ್ದ. ಮೂವತ್ತೊಂಬತ್ತು ಹಲ್ಲಿನ ಕ್ರೌನಿನಿಂದಾಗಿ ಮುಳ್ಳು ಎಲ್ಲಿ ನಿಲ್ಲಬೇಕಿತ್ತೋ ಅಲ್ಲೇ ನಿಂತಿತು. ಮೂರನೆಯ ತಿರುವಿನಲ್ಲಿ ಹಿಂಭಾಗ ಕೊಂಚ ಅದುರಿದ್ದಕ್ಕೆ ಅವನು ಪ್ಲೇಟಿನ ಬಿಗಿ ಸಾಲದು ಎಂದ, ಅವಳು ಹೆಚ್ಚಾಯಿತು ಎಂದಳು. ಕಾರನ್ನು ಲಾರಿಗೇರಿಸಿ ಹಗ್ಗ ಬಿಗಿಯುವವರೆಗೂ ಇಬ್ಬರೂ ವಾದಿಸುತ್ತಲೇ ಇದ್ದರು.