ಹೆಗಲಿನ ಹಾಜರಿ

ಕಂಬದಿಂದ ಜೋತುಬಿದ್ದ ತಂತಿಯನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹಾರುವ ನಮ್ಮ ಚಾಮರಾಜಪೇಟೆಯ ನಾಗರಿಕರು, ಸಂಜೆಯಾಗುತ್ತಲೇ ಒಗೆದ ಟವೆಲೊಂದನ್ನು ಚೀಲದಲ್ಲಿಟ್ಟುಕೊಂಡು, ‘ಕರೆಂಟ್ ಇಡಿಸ್ಕೊಂಡ್ ಬರ್ತೀನಿ’ ಎಂದು ಮನೆಯವರಿಗೆ ಹೇಳಿ, ದೇವಸ್ಥಾನಕ್ಕೆ ಹೊರಟಷ್ಟೇ ಪ್ರಸನ್ನಚಿತ್ತರಾಗಿ ಹೊರಡುವುದನ್ನು ನೀವೂ ಗಮನಿಸಿರಬಹುದು. ಮಂಡಿ, ಸೊಂಟ, ಕತ್ತು, ಹೆಗಲು ಎಂಬ ಭೇದವಿಲ್ಲದೆ ನೋವಿದ್ದೆಡೆಗೆ ಪ್ಯಾಡುಗಳನ್ನು ಅಂಟಿಸಿ, ಚರ್ಮದಡಿಯಲ್ಲಿ ಇರುವೆ ಹರಿದಂತೆ ಜುಮುಜುಮು ಎನ್ನಿಸುವ ಆ ಪೆಟ್ಟಿಗೆಗೆ ಶಾಸ್ತ್ರದಲ್ಲಿ ಯಾವ ಹೆಸರೇ ಇರಲಿ, ಬಡಾವಣೆಯ ಬಾಯಲ್ಲಿ ಅದು ಕರೆಂಟು. ಅಷ್ಟೇ ಅಲ್ಲ, ಫಿಸಿಯೋಥೆರಪಿ ಎಂಬ ಇಡೀ ವಿದ್ಯೆಯೇ ಕರೆಂಟು. ಅದನ್ನು ವರ್ಷಗಟ್ಟಲೆ ಓದಿ ಬಂದವರು ‘ಕರೆಂಟ್ ಇಡೋರು’. ವಿದ್ವತ್ತಿಗೂ ವಿದ್ಯುತ್ತಿಗೂ ನಡುವೆ ನಮ್ಮ ಜನ ವ್ಯತ್ಯಾಸವನ್ನೇ ಉಳಿಸಿಲ್ಲ.

ಇದಕ್ಕೆ ಹೊಣೆ ಯಾರು ಎಂದು ಕೇಳುವುದು ನನಗೆ ಅಭ್ಯಾಸವಾಗಿಹೋಗಿದೆ. ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಪಡೆದವಳಿಗೆ ಕೆಲಸ ಸಿಗುವುದು ತಡವಾದರೂ ಪ್ರಶ್ನೆಗಳು ಬೇಗ ಸಿಗುತ್ತವೆ. ಅಗೆದು ಮುಚ್ಚದ ರಸ್ತೆ, ಮುಚ್ಚಿ ಮತ್ತೆ ಅಗೆದ ರಸ್ತೆ, ಇವುಗಳ ಬಗ್ಗೆ ಪತ್ರಿಕೆಗಳಿಗೆ ಬರೆದು, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಬಂದ ಉತ್ತರದ ಮೇಲೆ ಇನ್ನೊಂದು ಅರ್ಜಿ ಹಾಕಿ, ನಾನು ಅನೇಕ ಗುಮಾಸ್ತರ ಮಧ್ಯಾಹ್ನದ ನಿದ್ದೆಗೆ ಭಂಗ ತಂದಿದ್ದೇನೆ. ಒಮ್ಮೆಯಂತೂ ಒಂದು ಕಚೇರಿಯ ಚರಂಡಿ ತಪಾಸಣೆಯ ಪುಸ್ತಕವನ್ನು ತರಿಸಿಕೊಂಡು, ತಿಂಗಳಿಡೀ ದಿನವೂ ಬಿದ್ದಿರಬೇಕಾದ ಸಹಿಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ವಾಲಿಕೆಯಲ್ಲಿ, ಕೂತ ಜಾಗದಿಂದ ಏಳದೆ ಬಿದ್ದಂಥವೆಂದು ಸಾಧಿಸಿ ಲೇಖನ ಬರೆದಿದ್ದೆ. ‘ಅಧಿಕಾರಿಗಳು ಹೊಣೆಯನ್ನು ಹೆಗಲಿಗೇರಿಸಿಕೊಳ್ಳಬೇಕು’ ಎಂಬುದು ಅದರ ಕಟ್ಟಕಡೆಯ ವಾಕ್ಯ. ಅದು ಅಚ್ಚಾದ ವಾರವೇ ನನ್ನ ಬಲ ಹೆಗಲು ಮುಷ್ಕರ ಹೂಡಿತು.

ಕೈ ಕಿವಿಯವರೆಗೆ ಬಂದು, ಅಲ್ಲಿಂದ ಮುಂದಕ್ಕೆ ತನ್ನ ಅಧಿಕಾರ ವ್ಯಾಪ್ತಿಯಿಲ್ಲವೆಂಬಂತೆ ನಿಂತುಬಿಡುತ್ತಿತ್ತು. ಮೆಜೆಸ್ಟಿಕ್ಕಿನಿಂದ ಬರುವ ಬಸ್ಸಿನಲ್ಲಿ ಮೇಲಿನ ಹಿಡಿ ಎಟುಕದೆ, ಪಕ್ಕದಲ್ಲಿ ನಿಂತ ಅಪರಿಚಿತರ ಚೀಲವನ್ನೇ ಹಿಡಿದುಕೊಂಡು ಬಂದು, ಅವರು ಇಳಿಯುವ ನಿಲ್ದಾಣದಲ್ಲೇ ನಾನೂ ಇಳಿಯಬೇಕಾಗಿ ಬಂದ ದಿನ, ವೈದ್ಯರ ಚೀಟಿಯೊಂದಿಗೆ ನಮ್ಮ ಪಕ್ಕದ ರಸ್ತೆಯ ನಂಜೇಗೌಡರ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದೆ.

ನಂಜೇಗೌಡರು ಹಿರಿಯ ಫಿಸಿಯೋಥೆರಪಿಸ್ಟರು. ಹಸಿರು ಪರದೆ ಎಳೆದ ಮೂರು ಮಂಚ, ಮೂರು ಕರೆಂಟಿನ ಪೆಟ್ಟಿಗೆ, ಇವುಗಳ ಅಧಿಪತಿಗಳು. ಅವರ ಕೈಕೆಳಗಿನ ಕಿರಿಯ ಫಿಸಿಯೋಥೆರಪಿಸ್ಟು ಓಕಳಿಪುರದ ರಚನಾ, ನನ್ನದೇ ವಯಸ್ಸಿನವಳು. ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಹಿಂದಿನ ಕೋಣೆಯನ್ನು ಅವಳು ತಾನೇ ಗುಡಿಸಿ, ಒಂದು ಚಾಪೆ, ಒಂದು ದೊಡ್ಡ ಚೆಂಡು, ಎಲ್ಲಿಗೂ ತಲುಪಿಸದ ಮೂರು ಮೆಟ್ಟಿಲುಗಳ ಮರದ ಏಣಿ, ಇಷ್ಟನ್ನಿಟ್ಟು ವ್ಯಾಯಾಮಶಾಲೆ ಮಾಡಿಕೊಂಡಿದ್ದಳು. ಗೌಡರಿಗೆ ಅದೇ ಕೋಣೆಯಲ್ಲಿ ಹೊಸದೊಂದು ಯಂತ್ರ ಸ್ಥಾಪಿಸುವ ಮನಸ್ಸು. ಕೊನೆಗೆ ರಾಜಿಯಾಗಿತ್ತು: ಸುತ್ತಮುತ್ತಲ ಬಡಾವಣೆಗಳ ಫಿಸಿಯೋಥೆರಪಿಸ್ಟರೆಲ್ಲ ತಿಂಗಳಿಗೊಮ್ಮೆ ಬಸವನಗುಡಿಯಲ್ಲಿ ಸೇರುವ ಸಭೆಯಲ್ಲಿ ರಚನಾ ವ್ಯಾಯಾಮದ ಪರ ಮಾತಾಡಬೇಕು, ಒಬ್ಬ ರೋಗಿಯನ್ನಾದರೂ ಸಾಕ್ಷಿಯಾಗಿ ತೋರಿಸಬೇಕು. ಹಿರಿಯರು ತಲೆದೂಗಿದರೆ ಕೋಣೆ ಅವಳದು. ಇಲ್ಲವಾದರೆ ಚೆಂಡಿನ ಗಾಳಿ ಬಿಟ್ಟು ಯಂತ್ರಕ್ಕೆ ಜಾಗ ಬಿಡಬೇಕು.

ಸಾಕ್ಷಿಗಳ ಕೊರತೆ ಎಷ್ಟಿತ್ತೆಂಬುದನ್ನು ಮೊದಲ ದಿನವೇ ಕಂಡೆ. ನಿವೃತ್ತ ಶಿಕ್ಷಕಿ ಪದ್ಮಕ್ಕನವರನ್ನು ಹಿಂದಿನ ಕೋಣೆಗೆ ಕರೆದಾಗ ಅವರು ಕೊಟ್ಟ ಉತ್ತರ ತರ್ಕಶಾಸ್ತ್ರದ ತರಗತಿಗೆ ಯೋಗ್ಯವಾದದ್ದು. “ಎಕ್ಸರ್ಸೈಜ್ ಮಾಡೋಕೆ ನಮ್ಮನೇಲೇ ಜಾಗ ಇದೆ ಪುಟ್ಟಾ. ಮನೇಲಿಲ್ದೇ ಇರೋದು ಮಾಡಿಸ್ಕೊಳೋಕೆ ತಾನೆ ಇಲ್ಲಿಗ್ ಬರೋದು.” ಹೀಗೆಂದು ಮಂಡಿಗೆ ಪ್ಯಾಡು ಅಂಟಿಸಿಕೊಂಡು ಮಲಗಿದರು. ಪೆಟ್ಟಿಗೆಯ ಗುಂಡಿ ಒತ್ತುವ ಹೊತ್ತಿಗೇ ಇಡೀ ರಸ್ತೆಯ ವಿದ್ಯುತ್ತು ಹೋಯಿತು. ಪದ್ಮಕ್ಕನವರು ಅದಾಗಲೇ ಕಣ್ಣು ಮುಚ್ಚಿದ್ದರಿಂದ ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಸೊಗಸಾಗಿ ಗೊರಕೆ ಹೊಡೆದು ಎದ್ದು, ಮಂಡಿ ಸವರಿಕೊಂಡು, “ಇವತ್ತು ಕರೆಂಟ್ ಚೆನ್ನಾಗ್ ಹಿಡೀತು. ನಿನ್ನೆ ಸ್ವಲ್ಪ ಜೋರಾಗಿತ್ತು” ಎಂದರು.

ರಚನಾ ಗೌಡರ ಮುಖ ನೋಡಿದಳು. ಗೌಡರು ಕದಲಲಿಲ್ಲ. “ನೋಡ್ದ್ಯಾ? ಕರೆಂಟಿಲ್ದೇನೂ ಕೆಲ್ಸ ಮಾಡುತ್ತೆ ನಮ್ ಮಿಷನ್ನು.”

ನನ್ನ ಸರದಿ ಬಂದಾಗ, ಪದ್ಮಕ್ಕನವರನ್ನು ಮನಸ್ಸಿನಲ್ಲೇ ಟೀಕಿಸಿದ್ದ ನಾನು, “ನಂಗೂ ಸ್ವಲ್ಪ ಕರೆಂಟ್ ಇಟ್ಬಿಡಿ” ಎಂದೇ ಕೇಳಿದ್ದು. ರಚನಾ ನಕ್ಕಳು. “ಇಡ್ಬಹುದು ಮೇಡಂ. ನೋವು ಸ್ವಲ್ಪ ಹೊತ್ತು ಸುಮ್ನಿರುತ್ತೆ. ಆದ್ರೆ ಕೈ ಎತ್ಬೇಕಾಗಿರೋದು ಕರೆಂಟಲ್ಲ, ನೀವು.” ಆಮೇಲೆ ನಾಲ್ಕು ವ್ಯಾಯಾಮ ಹೇಳಿಕೊಟ್ಟಳು: ಬಾಗಿ ನಿಂತು ಕೈಯನ್ನು ಗಡಿಯಾರದ ಲೋಲಕದಂತೆ ತೂಗುವುದು, ಕೋಲು ಹಿಡಿದು ಎರಡೂ ಕೈ ಮೇಲೆತ್ತುವುದು, ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿಯಂತೆ ಏರಿಸುವುದು, ರಬ್ಬರ್ ಪಟ್ಟಿಯನ್ನು ಎಳೆಯುವುದು. ವ್ಯಾಯಾಮಕ್ಕೊಂದು ಸಾಲಿನಂತೆ ಇಪ್ಪತ್ತೊಂದು ದಿನದ ಚೌಕಗಳಿದ್ದ ಹಾಳೆಯೊಂದನ್ನು ಕೊಟ್ಟು, ಮಾಡಿದ ದಿನ ಸರಿ ಗುರುತು ಹಾಕಲು ಹೇಳಿದಳು. ರಬ್ಬರ್ ಪಟ್ಟಿಯ ಬಗ್ಗೆ ಇನ್ನೂ ಏನೋ ಹೇಳುತ್ತಿದ್ದಳು. ನಾನಾಗ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರದಲ್ಲಿ ಕಾಗುಣಿತದ ತಪ್ಪು ಹುಡುಕುತ್ತಿದ್ದೆ.

ಓದುಗರೇ, ವ್ಯಾಯಾಮಕ್ಕೂ ವಿರಾಮಕ್ಕೂ ಪ್ರಾಸ ಕೂಡುವುದು ಆಕಸ್ಮಿಕವಲ್ಲ. ಬೆಳಗಿನ ಸರದಿಯನ್ನು ಸಂಜೆಗೆ ವರ್ಗಾಯಿಸಿದೆ. ಸಂಜೆಯ ಸರದಿ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಕಳೆಯಿತು, ಅಲ್ಲಿ ದೋಸೆಯನ್ನು ಬಾಯಿಗೊಯ್ಯಲು ಮೊಣಕೈ ಮಡಚಿದರೆ ಸಾಕು, ಹೆಗಲಿನ ಹಂಗಿಲ್ಲ. ನಡುವೆ ರಚನಾ ಎರಡು ಬಾರಿ ಫೋನ್ ಮಾಡಿ ಕೈ ಹೇಗಿದೆ ಎಂದು ಕೇಳಿದಳು. ಯಾವ ಕಡತದ ಬಗ್ಗೆ ಕೇಳಿದರೂ ‘ಪರಿಶೀಲನೆಯಲ್ಲಿದೆ’ ಎನ್ನುವ ಅಧಿಕಾರಿಗಳ ಧ್ವನಿ ನನ್ನ ಗಂಟಲಿನಿಂದಲೇ ಹೊರಟು, “ಚೆನ್ನಾಗಿದೆ” ಎಂದಿತು. ಆ ಒಂದು ಪದವನ್ನು ನಂಬಿ ಅವಳು ನನ್ನನ್ನೇ ಸಾಕ್ಷಿಯಾಗಿ ಆರಿಸಿದಳು. “ಎರಡೇ ನಿಮಿಷ ಮೇಡಂ. ನಾನು ಚಾರ್ಟ್ ತೋರಿಸ್ತೀನಿ, ನೀವು ಕೈ ಎತ್ತಿ ತೋರ್ಸಿ. ನೀವು ಹೇಳಿದ್ರೆ ಎಲ್ರೂ ನಂಬ್ತಾರೆ, ಪೇಪರ್ನಲ್ಲೆಲ್ಲ ಬರೀತೀರಲ್ಲ.”

ಭಾನುವಾರ ಬೆಳಿಗ್ಗೆ, ಚಾಮರಾಜಪೇಟೆಯಿಂದ ಬಸವನಗುಡಿಗೆ ಹೋಗುವ ಆಟೋದಲ್ಲಿ ಕುಳಿತು, ಖಾಲಿ ಹಾಳೆಯನ್ನು ತೊಡೆಯ ಮೇಲೆ ಹರಡಿದೆ. ಒಂದೇ ಪೆನ್ನು ಬಳಸಿದವರು ಹೇಗೆ ಸಿಕ್ಕಿಬೀಳುತ್ತಾರೆಂಬುದನ್ನು ಸ್ವತಃ ಸಂಶೋಧಿಸಿದವಳು ನಾನು. ಆದ್ದರಿಂದ ನೀಲಿ, ಕಪ್ಪು, ಹಸಿರು ಎಂಬ ಮೂರು ಪೆನ್ನು ತಂದಿದ್ದೆ. ಗುರುತುಗಳು ಒಂದೇ ವಾಲಿಕೆಯಲ್ಲಿ ಬೀಳದಂತೆ ನೋಡಿಕೊಳ್ಳುವ ಕೆಲಸವನ್ನು, ನಾನು ಎಷ್ಟು ದೂರು ಕೊಟ್ಟರೂ ಮುಚ್ಚದೆ ಉಳಿದ ರಸ್ತೆಗುಂಡಿಗಳು ನಿಷ್ಠೆಯಿಂದ ನಿರ್ವಹಿಸಿದವು. ಆಟೋ ಇಳಿಯುವ ಹೊತ್ತಿಗೆ ಇಪ್ಪತ್ತೊಂದು ದಿನಗಳ ತಪಸ್ಸು ಪೂರ್ಣವಾಗಿತ್ತು.

ಸಭಾಂಗಣದ ಬಾಗಿಲಲ್ಲೇ ರಚನಾ ಹಾಳೆಯನ್ನು ಇಸಿದುಕೊಂಡು, ಫೋನಿನಲ್ಲಿ ಚಿತ್ರ ತೆಗೆದು, ಓದದೆಯೇ ವೇದಿಕೆಗೆ ಓಡಿದಳು. ಇಪ್ಪತ್ತೈದು ಜನ ಫಿಸಿಯೋಥೆರಪಿಸ್ಟರು ಕುಳಿತಿದ್ದರು. ಹಿಂದಿನಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ರಚನಾ ಚೆನ್ನಾಗಿ ಮಾತಾಡಿದಳು. ನಮ್ಮ ವೃತ್ತಿಯ ಜೀವಾಳ ಚಲನೆ, ಯಂತ್ರ ಅದರ ಸಹಾಯಕ ಮಾತ್ರ, ರೋಗಿಯನ್ನು ಮಲಗಿಸಿ ಕಳಿಸುವುದು ಸುಲಭ, ಎಬ್ಬಿಸಿ ಕಳಿಸುವುದು ವಿದ್ಯೆ ಎಂದಳು. ಆಮೇಲೆ ಪರದೆಯ ಮೇಲೆ ನನ್ನ ಹಾಳೆ ಮೂಡಿತು. ಮೂರು ಬಣ್ಣಗಳ, ಒಂದೂ ಖಾಲಿಯಿರದ ಆ ಚೌಕಗಳನ್ನು ಕಂಡು ಸಭೆ ಮೆಚ್ಚುಗೆಯಿಂದ ಗೊಣಗಿತು. “ಈಗ ಕೈ ಎತ್ತಿ ಮೇಡಂ.”

ಎತ್ತಿದೆ. ಕೈ ಕಿವಿಯವರೆಗೆ ಬಂತು, ನಿಂತಿತು. ನಾನು ಮುಖದಲ್ಲಿ ಎಷ್ಟೇ ಉತ್ಸಾಹ ತಂದರೂ ಅದು ಹೆಗಲಿಗೆ ಇಳಿಯಲಿಲ್ಲ.

ಮುಂದಿನ ಸಾಲಿನಲ್ಲಿದ್ದ ನಂಜೇಗೌಡರು ವಿಷಾದದಿಂದಲೇ ಹೇಳಿದರು: “ಇಪ್ಪತ್ತೊಂದು ದಿನ ಇಷ್ಟು ಶ್ರದ್ಧೆಯಿಂದ ಮಾಡಿದ್ರೂ ಕೈ ಕಿವಿ ದಾಟಿಲ್ಲ ಅಂದ್ರೆ, ಇನ್ನು ನಾನೇನಮ್ಮ ಹೇಳ್ಲಿ.”

ಆಗ ನನಗೆ ಹೊಳೆಯಿತು. ನಾನು ಆಟೋದಲ್ಲಿ ಸೃಷ್ಟಿಸಿದ್ದು ಬರಿಯ ಸುಳ್ಳಲ್ಲ, ವ್ಯಾಯಾಮದ ವಿರುದ್ಧ ಅಚ್ಚುಕಟ್ಟಾದ ಸಾಕ್ಷ್ಯ. ಖಾಲಿ ಹಾಳೆ ತಂದಿದ್ದರೆ ನಾನೊಬ್ಬಳು ಸೋಮಾರಿಯಾಗುತ್ತಿದ್ದೆ. ತುಂಬಿದ ಹಾಳೆಯಿಂದ ಒಂದು ಶಾಸ್ತ್ರವೇ ಸೋಲುತ್ತಿತ್ತು, ಹಿಂದಿನ ಕೋಣೆಯೂ ಹೋಗುತ್ತಿತ್ತು. ರಚನಾ ನನ್ನ ಕೈಯನ್ನೂ ಹಾಳೆಯನ್ನೂ ಮತ್ತೆ ಮತ್ತೆ ನೋಡಿ, ಬಾಡಿದ ದನಿಯಲ್ಲಿ, “ಹೇಳ್ಕೊಟ್ಟಿದ್ದು ನಾನು ಸಾರ್. ನಾನೇ ಎಲ್ಲೋ ತಪ್ಪಿರ್ಬೇಕು” ಎಂದಳು.

ಇಷ್ಟು ವರ್ಷ ಇಷ್ಟು ಅರ್ಜಿ ಹಾಕಿದರೂ ಯಾವ ಕಚೇರಿಯಿಂದಲೂ ಬಾರದ ವಾಕ್ಯ ಅದು. ‘ತಪ್ಪು ನನ್ನದು’ ಎನ್ನುವ ಒಬ್ಬರಿಗಾಗಿ ಕಾದಿದ್ದೆ. ಕೊನೆಗೂ ಕೇಳಿಸಿದ್ದು, ತಪ್ಪೇ ಮಾಡದವಳ ಬಾಯಿಂದ, ನನ್ನ ತಪ್ಪಿಗಾಗಿ.

“ಇವ್ರು ಹೇಳ್ಕೊಟ್ಟಿದ್ದು ಸರಿಯಾಗೇ ಇದೆ,” ಎಂದೆ. “ನಾನು ಮಾಡೇ ಇಲ್ಲ.”

ದುರಂತವೆಂದರೆ ಯಾರೂ ನಂಬಲಿಲ್ಲ. “ಪಾಪ, ಫ್ರೆಂಡನ್ನ ಉಳ್ಸೋಕೆ ಹೇಳ್ತಿದಾರೆ,” ಎಂದರು ಒಬ್ಬರು. ನನ್ನ ಕೃತಕತೆ ಅಷ್ಟು ಸಹಜವಾಗಿತ್ತು. ಅನ್ಯರ ಅಕ್ರಮಗಳನ್ನು ಬಯಲಿಗೆಳೆದು ಪಳಗಿದವಳು ಈಗ ನನ್ನದೇ ಅಕ್ರಮಕ್ಕೆ ಪುರಾವೆ ಒದಗಿಸಬೇಕಾಯಿತು. ಚೀಲದಿಂದ ಮೂರು ಪೆನ್ನು ತೆಗೆದು ತೋರಿಸಿದೆ. ಲೇಖಕಿಯ ಚೀಲದಲ್ಲಿ ಪೆನ್ನಿರುವುದು ಸಹಜವೇ ಎಂದರು. ಗುಂಡಿಗಳ ಪಾತ್ರವನ್ನು ವಿವರಿಸಿದೆ, ಅದನ್ನು ಹಾಸ್ಯವೆಂದುಕೊಂಡರು. ಆಗ ರಚನಾಳ ಕಣ್ಣು ಪರದೆಯ ಕೆಳಸಾಲಿನಲ್ಲಿ ನಿಂತಿತು.

“ಮೇಡಂ, ನಾಲ್ಕನೇ ಸಾಲು ರಬ್ಬರ್ ಪಟ್ಟಿದು.”

“ಹೌದು.”

“ಪಟ್ಟಿ ಬಂದ್ಮೇಲೆ ಕೊಡ್ತೀನಿ, ಅಲ್ಲೀವರ್ಗೂ ಆ ಸಾಲು ಖಾಲಿ ಬಿಡಿ ಅಂದಿದ್ದೆ. ಡಬ್ಬ ನಿನ್ನೆ ತಾನೆ ಬಂತು.”

ಇಲ್ಲದ ಪಟ್ಟಿಯನ್ನು ನಾನು ಇಪ್ಪತ್ತೊಂದು ದಿನ, ದಿನವೂ ತಪ್ಪದೆ, ಮೂರು ಬಣ್ಣಗಳಲ್ಲಿ ಎಳೆದಿದ್ದೆ. ಸಭೆ ನಕ್ಕ ರಭಸಕ್ಕೆ ಉಪ್ಪಿಟ್ಟಿನವರು ಒಳಗೆ ಇಣುಕಿದರು.

ಗೌಡರು ಮಾತ್ರ ನಗಲಿಲ್ಲ. “ಇದನ್ನೇ ನಾನೂ ಹೇಳೋದು. ಪೇಷಂಟ್‌ಗಳು ಮಾಡಲ್ಲ. ಮಾಡ್ದೇ ಇರೋ ವ್ಯಾಯಾಮ ಇಟ್ಕೊಂಡು ಏನ್ಮಾಡೋದು? ಕರೆಂಟ್ ಆದ್ರೆ ಸುಮ್ನೆ ಮಲಗಿದ್ರೆ ಸಾಕು.”

ಮಾನ ಹೋದವಳಿಗೆ ಭಯವಿರುವುದಿಲ್ಲ. ನಾನು ಸಭೆಯ ಕಡೆ ತಿರುಗಿದೆ. “ನಾನು ಮಾಡ್ಲಿಲ್ಲ, ಒಪ್ಕೊಂಡೆ. ನಿಮ್ಮಲ್ಲಿ ಇವತ್ತು ಬೆಳಿಗ್ಗೆ ವ್ಯಾಯಾಮ ಮಾಡಿರೋರು ದಯವಿಟ್ಟು ಕೈ ಎತ್ತಿ.”

ರಚನಾಳ ಕೈ ಎದ್ದಿತು. ಹಿಂದಿನ ಸಾಲಿನಲ್ಲಿ ಇನ್ನೊಂದು ಎದ್ದಿತು. ಅವರಿಗೆ ತಿಂಡಿ ಎಷ್ಟು ಹೊತ್ತಿಗೆಂದು ತಿಳಿಯಬೇಕಿತ್ತು. ಉಳಿದವರು ಫ್ಯಾನುಗಳ ರಚನೆಯನ್ನು ಅಭ್ಯಸಿಸತೊಡಗಿದರು. ಕಿರಿಯಳ ಮುಂದೆ ಸೋಲಬಾರದೆಂದೋ ಏನೋ, ನಂಜೇಗೌಡರೂ ಬಲಗೈ ಎತ್ತಿದರು. ಅದು ಕಿವಿಯವರೆಗೆ ಬಂತು. ನಿಂತಿತು. ನೆರವಿಗೆ ಎಡಗೈ ಬಂತು, ಆದರೂ ಏರಲಿಲ್ಲ. ಕೀಲುಗಳನ್ನು ಕಣ್ಣಲ್ಲೇ ಅಳೆಯಬಲ್ಲ ಇಪ್ಪತ್ತಕ್ಕೂ ಹೆಚ್ಚು ಜನ ಅದನ್ನು ಅಳೆದರು.

ರಚನಾ ಮೈಕು ಕೆಳಗಿಟ್ಟು ಮೆಲ್ಲಗೆ ಕೇಳಿದಳು. “ಎಷ್ಟು ದಿನದಿಂದ ಸಾರ್?”

“ದೀಪಾವಳಿಯಿಂದ.”

“ಕರೆಂಟ್?”

ಗೌಡರು ಕೈ ಇಳಿಸಿ, ತಪ್ಪೊಪ್ಪಿಕೊಳ್ಳುವ ವಿದ್ಯಾರ್ಥಿಯ ದನಿಯಲ್ಲಿ ಹೇಳಿದರು: “ದಿನಾ ಇಟ್ಕೋತಿದೀನಮ್ಮ.”

ಈ ಸಲದ ನಗುವಿನಲ್ಲಿ ಗೌಡರೂ ಸೇರಿಕೊಂಡರು. ಉಪ್ಪಿಟ್ಟಿನ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಅವರೇ ರಚನಾಳ ಬಳಿಗೆ ಬಂದರು. “ಆ ರೂಮು ನೀನೇ ಇಟ್ಕೋ. ಆದ್ರೆ ಇನ್ಮೇಲೆ ಚಾರ್ಟು ಗೀರ್ಟು ಮನೆಗ್ ಕೊಡ್ಬೇಡ. ಕಣ್ಣೆದುರ್ಗೇ ಮಾಡ್ಸು.” ಹೀಗೆಂದು ನನ್ನ ಕಡೆ ನೋಡಿ, “ಇಂಥೋರನ್ನ ನಂಬೋಕಾಗಲ್ಲ” ಎಂದು ಸೇರಿಸಿದರು.

ಕರೆಂಟು ನಮ್ಮಿಂದ ಏನನ್ನೂ ಕೇಳುವುದಿಲ್ಲ, ಅದಕ್ಕೇ ಅದು ಅಷ್ಟು ಪ್ರಿಯ. ವ್ಯಾಯಾಮ ದಿನವೂ ನಮ್ಮನ್ನೇ ಕೇಳುತ್ತದೆ. ಕೇಳುವುದನ್ನೇ ವೃತ್ತಿಯೆಂದುಕೊಂಡವಳಿಗೆ, ಕೇಳಿಸಿಕೊಳ್ಳುವುದು ಇಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಹಿಂದಿನ ಕೋಣೆಯಲ್ಲಿ ಗೌಡರೂ ನಾನೂ ಗೋಡೆಗೆ ಮುಖ ಮಾಡಿ ಅಕ್ಕಪಕ್ಕ ನಿಂತಿದ್ದೆವು, ಶಿಕ್ಷೆಗೊಳಗಾದ ಮಕ್ಕಳಂತೆ. ಬೆರಳುಗಳನ್ನು ಗೋಡೆಯ ಮೇಲೆ ಏರಿಸುತ್ತ ಹೋಗಬೇಕು. ಅವು ನಿಂತಲ್ಲಿ ರಚನಾ ಪೆನ್ಸಿಲ್ಲಿನಿಂದ ಗೀಟು ಎಳೆಯುತ್ತಾಳೆ. ಗೌಡರ ಬೆರಳುಗಳು ನನ್ನವನ್ನು ಹಿಂದೆ ಹಾಕಿದವು. ನಾನೂ ಬಿಡಲಿಲ್ಲ. ಇಬ್ಬರೂ ಏದುಸಿರು ಬಿಡುತ್ತ, ನೋವಿಗೆ ಹಲ್ಲು ಕಚ್ಚಿ, ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತ, ಅದ್ಭುತವಾದ ಪ್ರಗತಿ ಸಾಧಿಸುತ್ತಿದ್ದೆವು.

“ಹಿಮ್ಮಡಿ ಕೆಳಗೆ, ಸಾರ್,” ಎಂದಳು ರಚನಾ ಹಿಂದಿನಿಂದ.

ಅವಳು ಹೇಳಿದ್ದು ಗೌಡರಿಗೆ. ಆದರೆ ನೆಲಕ್ಕಿಳಿದದ್ದು ನಾಲ್ಕು ಹಿಮ್ಮಡಿಗಳು.