ಮಲ್ಲಿಗೆ ಗಂಟು ಹಾಕಿದ ಗಾಂಜಾ ಗಿಡಗಳು

ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು "ನರ್ಸರಿಯಲ್ಲಿ" ಎನ್ನುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ. ಮೆಲ್ಬರ್ನ್‌ನ ಉತ್ತರದಲ್ಲಿ, ಕ್ರೇಗಿಬರ್ನ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ, ಕಿಟಕಿಗಳೇ ಇಲ್ಲದ ಒಂದು ಉದ್ದನೆಯ ಶೆಡ್ ಇದೆ. ಹೊರಗಿನಿಂದ ಗೋದಾಮಿನ ಹಾಗೆ ಕಾಣುತ್ತದೆ. ಅದರೊಳಗೆ, ಸರ್ಕಾರದ ಲೈಸೆನ್ಸ್ ಪಡೆದು, ಔಷಧಿಗಾಗಿ ಗಾಂಜಾ ಬೆಳೆಸುತ್ತಾರೆ. ನಾನು ಅಲ್ಲಿ ಗಿಡಗಳನ್ನು ಬಗ್ಗಿಸಿ ಕಟ್ಟುವವಳು.

ಈ ಕೆಲಸಕ್ಕೆ ನಾನು ಬಂದದ್ದು ನಮ್ಮವರು ತೀರಿಕೊಂಡ ಮೇಲೆ. ಹದಿಮೂರು ವರ್ಷ ನಾವು ಸಿಡ್ನಿಯಲ್ಲಿದ್ದೆವು. ಅವರು ಪೆಂಡಲ್ ಹಿಲ್‌ನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ನಾನೂ ಅದೇ ಅಡುಗೆಮನೆಯಲ್ಲಿ ಹಿಟ್ಟು ರುಬ್ಬಿ, ತರಕಾರಿ ಹೆಚ್ಚಿ ಕೊಡುತ್ತಿದ್ದೆ. ಅವರ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗ ಅದು ಆಗಲೇ ಬೇರೆ ಕಡೆಗೂ ಹಬ್ಬಿತ್ತು. ಕೊನೆಯ ತಿಂಗಳುಗಳಲ್ಲಿ ಡಾಕ್ಟರು ಮಾಮೂಲಿ ಮಾತ್ರೆಗಳ ಜೊತೆಗೆ ಒಂದು ಎಣ್ಣೆಯನ್ನು ಬರೆದುಕೊಟ್ಟರು. ನಾಲಿಗೆಯ ಕೆಳಗೆ ಕೆಲವು ಹನಿ ಬಿಟ್ಟರೆ ಹಸಿವು, ನಿದ್ದೆ ಸ್ವಲ್ಪ ಬರಬಹುದು ಎಂದರು. ಎಂತಹ ಎಣ್ಣೆ ಎಂದು ಕೇಳಿದೆ. ಅವರು ಹೇಳಿದರು.

ಗಾಂಜಾ ಎಂಬ ಶಬ್ದಕ್ಕೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿತ್ರ: ಚಿಕ್ಕಂದಿನಲ್ಲಿ ನಮ್ಮೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಬಿದ್ದುಕೊಂಡಿರುತ್ತಿದ್ದ ಮನುಷ್ಯ. ಬಾಟಲಿ ಮನೆಗೆ ಬಂದ ದಿನ ಅದನ್ನು ಮೆಣಸಿನ ಪುಡಿಯ ಡಬ್ಬಿಯ ಹಿಂದೆ ಇಟ್ಟೆ. "ಎಣ್ಣೆ ಬಂತಾ?" ಎಂದು ಅವರು ಕೇಳಿದರು. "ಇನ್ನೂ ಇಲ್ಲ, ಫಾರ್ಮಸಿಯವರು ಕಳಿಸ್ಬೇಕಷ್ಟೆ" ಎಂದೆ. ಹೀಗೆ ಆರು ದಿನ. ಏಳನೆಯ ದಿನ ಅವರಿಗೆ ಗಂಜಿಯೂ ಇಳಿಯಲಿಲ್ಲ. ಆಗ ಬಾಟಲಿ ತೆಗೆದೆ.

ಅದರಿಂದ ನೋವು ಹೋಗಲಿಲ್ಲ. ಆದರೆ ನೋವು ಇದ್ದಹಾಗೆಯೇ ಮಲಗುವುದು ಅವರಿಗೆ ಸಾಧ್ಯವಾಯಿತು. ಮೂರನೆಯ ದಿನ ಅರ್ಧ ಬಟ್ಟಲು ಗಂಜಿ ಉಂಡು, ಮಾವಿನ ಮಿಡಿ ಚೀಪುತ್ತಾ, "ನೋಡು ಇವಳೇ, ಹೆಂಡತಿ ಕೈಯಿಂದಲೇ ಗಾಂಜಾ ತಿಂದವ ನಮ್ಮ ಊರಲ್ಲಿ ನಾನೊಬ್ಬನೇ" ಎಂದರು. ನಕ್ಕೆ. ನೋಡಲು ಬಂದವರಿಗೆ ಮಾತ್ರ ಅದು ಊರಿನಿಂದ ತರಿಸಿದ ಆಯುರ್ವೇದದ ಎಣ್ಣೆ ಎಂದೇ ಹೇಳಿದೆ.

ಅವರು ಹೋದ ಮೇಲೆ ಮಗಳು ನನ್ನನ್ನು ಕ್ರೇಗಿಬರ್ನ್‌ಗೆ ಕರೆದುಕೊಂಡು ಬಂದಳು. ಅವಳು ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಅಡುಗೆ ಮಾಡಲು ಹೋದರೆ ಇಬ್ಬರಿಗೆ ಎಷ್ಟು ಅಕ್ಕಿ ಎಂಬ ಅಂದಾಜೇ ಸಿಗುತ್ತಿರಲಿಲ್ಲ. ಎಂಟು ತಿಂಗಳು ಹೀಗೇ ಕಳೆದ ಮೇಲೆ ಮಗಳೇ ಒಂದು ದಿನ ಲ್ಯಾಪ್‌ಟಾಪ್ ಎದುರಿಗೆ ಇಟ್ಟಳು.

"ಅಮ್ಮಾ, ಇಲ್ಲಿ ಗಿಡ ನೋಡ್ಕೊಳ್ಳೋಕೆ ಜನ ಬೇಕಂತೆ. ಎಕ್ಸ್‌ಪೀರಿಯೆನ್ಸ್ ಬೇಡ, ಟ್ರೈನಿಂಗ್ ಅವರೇ ಕೊಡ್ತಾರೆ. ಬಟ್..."

"ಬಟ್ ಎಂತ?"

"ಅಪ್ಪಂಗೆ ಕೊಡ್ತಿದ್ವಲ್ಲ, ಆ ಗಿಡ. ಫುಲ್ ಲೀಗಲ್ ಅಮ್ಮಾ. ಪೊಲೀಸ್ ಚೆಕ್ ಎಲ್ಲ ಮಾಡಿಯೇ ತಗೊಳ್ಳೋದು."

ಬೇಡ ಎನ್ನಲು ಬಾಯಿ ತೆರೆದೆ. ಆದರೆ ಬಂದ ಮಾತು "ಯಾವಾಗ ಹೋಗ್ಬೇಕು?" ಎಂದು. ಆ ಆರು ದಿನ ನನ್ನೊಳಗೆ ಕುಳಿತೇ ಇದ್ದವು. ಆ ಬಾಟಲಿ ಎಲ್ಲಿಂದ ಶುರುವಾಗುತ್ತದೋ ಅಲ್ಲಿ ಒಮ್ಮೆ ನಿಂತು ನೋಡಬೇಕು ಅನಿಸಿತು. ಕೆಲಸ ಸಿಕ್ಕಿತು, ಮೂರು ತಿಂಗಳ ಪ್ರೊಬೇಷನ್ ಮೇಲೆ. ಅಷ್ಟರಲ್ಲಿ ಕೈ ಕುದುರಿದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ.

ಒಳಗೆ ಹೋಗುವಾಗ ಮೊಬೈಲು, ಬಳೆ, ಕೈಚೀಲ ಎಲ್ಲ ಲಾಕರಿನಲ್ಲಿ ಬಿಡಬೇಕು. ತಲೆಗೆ ಬಲೆಯ ಟೊಪ್ಪಿ, ಮೈಗೆ ನೀಲಿ ಅಂಗಿ, ಕಾಲಿಗೆ ಅವರದೇ ಬೂಟು. ಬಾಗಿಲು ತೆರೆದಾಗ ಮೊದಲು ಮುಖಕ್ಕೆ ಬಡಿದದ್ದು ಬೆಳಕು, ಆಮೇಲೆ ಶೆಕೆ. ಹೊರಗೆ ಹಲ್ಲು ಕಟಕಟಿಸುವ ಚಳಿ, ಒಳಗೆ ನಮ್ಮ ಕರಾವಳಿಯ ಏಪ್ರಿಲ್. ಕುಂಡಗಳಲ್ಲಿದ್ದದ್ದು ಮಣ್ಣಲ್ಲ, ತೆಂಗಿನ ನಾರಿನ ಪುಡಿ. ಊರಿನಲ್ಲಿ ಸಿಪ್ಪೆಯನ್ನೆಲ್ಲ ಬಚ್ಚಲ ಒಲೆಗೆ ಹಾಕುತ್ತಿದ್ದೆವು. ಅದು ಇಷ್ಟು ದೂರ ಬಂದು ಗಿಡದ ಬುಡದಲ್ಲಿ ಕುಳಿತಿದ್ದನ್ನು ಕಂಡು, ಯಾಕೋ, ಪರಿಚಯದವರು ಸಿಕ್ಕಷ್ಟು ಧೈರ್ಯ ಬಂತು.

ಕೆಲಸ ಕಲಿಸಿದವರು ನಮ್ಮ ಮೇಲ್ವಿಚಾರಕರು. ಅರವತ್ತರ ಹತ್ತಿರದ ಆಸ್ಟ್ರೇಲಿಯನ್, ಮೊದಲು ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಸುತ್ತಿದ್ದರಂತೆ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಅದು ಬಾಯಿಗೆ ಬರುವುದಿಲ್ಲ. ಏನಾದರೂ ಕೇಳುವುದಿದ್ದರೆ ಕರೆಯದೆ, ಅವರ ಎದುರಿಗೆ ಹೋಗಿ ನಿಲ್ಲುತ್ತೇನೆ.

ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಅದು ಒಂದೇ ಕುಡಿಯಾಗಿ ಮೇಲಕ್ಕೆ ಹೋಗುತ್ತದೆ. ಕೆಳಗಿನ ರೆಂಬೆಗಳು, ನಮ್ಮ ಕಡೆಯ ಮಾತಿನಲ್ಲಿ ಗೆಲ್ಲುಗಳು, ನೆರಳಿನಲ್ಲಿ ಸೊರಗುತ್ತವೆ. ಆದ್ದರಿಂದ ನಡುವಿನ ಕುಡಿಯನ್ನು ಚಿವುಟಬೇಕು. ಆಮೇಲೆ ಪಕ್ಕದ ಗೆಲ್ಲುಗಳು ಎದ್ದು ಬರುತ್ತವೆ. ಅವನ್ನು ಒಂದೊಂದಾಗಿ ಹೊರಕ್ಕೆ ಬಗ್ಗಿಸಿ ಕುಂಡದ ಅಂಚಿಗೆ ಕಟ್ಟಬೇಕು. ಬಿಡಿಸಿದ ಕೊಡೆಯ ಹಾಗೆ ಗಿಡ ಅಗಲವಾದರೆ ಎಲ್ಲ ಗೆಲ್ಲಿಗೂ ಬೆಳಕು ಸಮನಾಗಿ ಸಿಗುತ್ತದೆ. ಒಂದೇ ಸಲಕ್ಕೆ ಬಗ್ಗಿಸಬಾರದು, ಇವತ್ತು ಇಷ್ಟು, ನಾಳಿದ್ದು ಇನ್ನಷ್ಟು. ಮೊದಲ ಎರಡು ತಿಂಗಳು ಚಿವುಟುವುದು, ನೆಲ ಒರೆಸುವುದು, ಇಷ್ಟೇ. ಆಮೇಲೆ ಇಪ್ಪತ್ತನಾಲ್ಕು ಗಿಡಗಳ ಒಂದು ಬೆಂಚು ನನ್ನ ಪಾಲಿಗೆ ಬಂತು.

ಕಟ್ಟಲು ಅವರು ಕೊಟ್ಟದ್ದು ಮೆತ್ತನೆಯ ರಬ್ಬರು ಸುತ್ತಿದ ತಂತಿ. ಅದು ನನ್ನ ಕೈಗೆ ಹತ್ತಲೇ ಇಲ್ಲ. ಒಂದು ಗೆಲ್ಲು ಕಟ್ಟುವಷ್ಟರಲ್ಲಿ ಪಕ್ಕದವರು ಮೂರು ಕಟ್ಟುತ್ತಿದ್ದರು. ಕಪಾಟಿನಲ್ಲಿ ಹತ್ತಿಯ ದಾರದ ಒಂದು ಉಂಡೆ ಇತ್ತು. ಇದರಲ್ಲಿ ಕಟ್ಟಲಾ ಎಂದು ಕೇಳಿದೆ. ಮೇಲ್ವಿಚಾರಕರು ಕಟ್ಟು ಎಂದರು.

ನಮ್ಮ ತವರಿನಲ್ಲಿ ಮಲ್ಲಿಗೆ ತೋಟ ಇತ್ತು. ಬೆಳಿಗ್ಗೆ ಮೊಗ್ಗು ಕೊಯ್ದು, ಬಸ್ಸು ಬರುವಷ್ಟರಲ್ಲಿ ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿ ಕಳಿಸಬೇಕಿತ್ತು. ಶಾಲೆಗೆ ಹೋಗುವ ಮೊದಲು ನಾನು ಕಟ್ಟುತ್ತಿದ್ದುದಕ್ಕೆ ಲೆಕ್ಕವೇ ಇಲ್ಲ. ಎಡಗೈಯಲ್ಲಿ ಮೊಗ್ಗು, ಬಲಗೈಯ ಎರಡು ಬೆರಳಿಗೆ ನಾರಿನ ಸುತ್ತು, ಮಗುಚಿ ದಾಟಿಸಿ ಎಳೆದರೆ ಗಂಟು. ಎಳೆದಷ್ಟೂ ಬಿಗಿಯಾಗುತ್ತದೆ, ಸಡಿಲವಾಗುವ ಮಾತೇ ಇಲ್ಲ. ನಮ್ಮವರು ಹೋದ ಮೇಲೆ ನಾನು ಹೂ ಕಟ್ಟಿರಲಿಲ್ಲ. ಕಟ್ಟಬಾರದೆಂದು ಯಾರೂ ಹೇಳಿರಲಿಲ್ಲ, ಮನಸ್ಸಾಗಿರಲಿಲ್ಲ ಅಷ್ಟೆ. ದಾರ ಕೈಗೆ ಬಂದಾಗ ಬೆರಳುಗಳು ತಾವೇ ಓಡಿದವು. ಮಧ್ಯಾಹ್ನದೊಳಗೆ ಬೆಂಚು ಮುಗಿದಿತ್ತು. ಪಕ್ಕದ ಬೆಂಚಿನ ಪಂಜಾಬಿ ಹೆಂಗಸು ಬಂದು ನೋಡಿ, ಇದು ಕೈಯೋ ಮಷೀನೋ ಎನ್ನುವ ಹಾಗೆ, "ದೀದೀ, ಹಾಥ್ ಹೈ ಯಾ ಮಶೀನ್?" ಎಂದಳು. ಮೇಲ್ವಿಚಾರಕರು ಹುಬ್ಬೇರಿಸಿ "ಇದನ್ನೆಲ್ಲಿ ಕಲಿತೆ?" ಎಂದು ಕೇಳಿದರು. ಎಷ್ಟೋ ತಿಂಗಳ ಮೇಲೆ ಅವತ್ತು ನನಗೆ ಚೆನ್ನಾಗಿ ಹಸಿವಾಯಿತು.

ಹತ್ತು ದಿನ ಕಳೆದಿರಬೇಕು. ಗೆಲ್ಲನ್ನು ಇನ್ನಷ್ಟು ಬಗ್ಗಿಸುವಾಗಲೂ ದಾರದ ಕುಂಡದ ಕಡೆಯ ತುದಿಯನ್ನಷ್ಟೇ ಎಳೆಯುತ್ತಿದ್ದೆ, ಗೆಲ್ಲಿನ ಗಂಟನ್ನು ಮುಟ್ಟುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಬೆಂಚಿನ ಎಲೆಗಳು ಬಾಡಿದ್ದವು. ಒಂದು ಗಿಡದ್ದಲ್ಲ, ಹೆಚ್ಚುಕಡಿಮೆ ಎಲ್ಲದರದ್ದೂ. ನೀರು ಕಡಿಮೆಯಾಯಿತೇನೋ ಎಂದುಕೊಂಡೆ. ಮೇಲ್ವಿಚಾರಕರು ಬಂದು ಎಲೆ ಸರಿಸಿ, ಬೆರಳಿನಿಂದ ನನ್ನ ಗಂಟನ್ನು ತಡಕಿದರು. ಜೇಬಿನಿಂದ ಸಣ್ಣ ಕತ್ತರಿ ತೆಗೆದು ದಾರ ಕತ್ತರಿಸಿದರು. ದಾರ ಕೆಳಗೆ ಬೀಳಲಿಲ್ಲ. ಅದು ಗೆಲ್ಲಿನೊಳಗೆ ಇಳಿದು ಹೋಗಿತ್ತು. ದಾರದ ಒಂದು ಪಕ್ಕದಲ್ಲಿ ಗೆಲ್ಲು ಊದಿತ್ತು, ಇನ್ನೊಂದು ಪಕ್ಕ ತೆಳ್ಳಗೆ.

ನೋಡಿದ ಕೂಡಲೇ ಅರ್ಥವಾಯಿತು. ಮಲ್ಲಿಗೆ ಮೊಗ್ಗು ಕೊಯ್ದ ಮೇಲೆ ಬೆಳೆಯುವುದಿಲ್ಲ. ಈ ಗೆಲ್ಲುಗಳು ದಿನದಿನಕ್ಕೂ ದಪ್ಪವಾಗುತ್ತವೆ. ಬೆಳಕಿನ ಕಡೆಗೆ ಮೇಲಕ್ಕೆ ಎಳೆಯುತ್ತವೆ, ಅವು ಎಳೆದಷ್ಟೂ ನನ್ನ ಗಂಟು ಬಿಗಿಯಾಗಿದೆ. ಬೆಳೆದದ್ದೇ ತಪ್ಪು ಎನ್ನುವ ಹಾಗೆ ಅವುಗಳ ಕತ್ತು ಹಿಸುಕಿದ್ದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನೂ ನೋಡಬೇಕಿತ್ತು. ಅಂದವಾಗಿದೆ ಅಂತ ಬಿಟ್ಟುಬಿಟ್ಟೆ" ಎಂದರು. ಆಮೇಲೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಹೂ ಬಿಡುವ ಕೋಣೆಗೆ ಗಿಡಗಳನ್ನು ಸಾಗಿಸಲು ಹದಿನೈದು ದಿನವಿದೆ. ಅಷ್ಟರಲ್ಲಿ ಬೆಂಚು ಚೇತರಿಸಿಕೊಂಡರೆ ಸರಿ. ಇಲ್ಲದಿದ್ದರೆ ಇಡೀ ಬೆಂಚನ್ನು ತೂಕ ಮಾಡಿ, ಬರೆದಿಟ್ಟು, ನಾಶ ಮಾಡಬೇಕು. ನನ್ನ ಮೂರು ತಿಂಗಳೂ ಆ ವಾರವೇ ಮುಗಿಯುತ್ತದೆ, ಇದನ್ನೂ ಹಿಡಿದೇ ತೀರ್ಮಾನ.

ಅವತ್ತು ಸಂಜೆಯವರೆಗೆ ಗಂಟುಗಳನ್ನು ಕತ್ತರಿಸಿದೆ. ಗೆಲ್ಲಿನ ಸಿಪ್ಪೆಗೆ ಗಾಯವಾಗದ ಹಾಗೆ ದಾರ ಬಿಡಿಸುವುದು ಕಟ್ಟಿದ್ದಕ್ಕಿಂತ ನಾಲ್ಕು ಪಾಲು ನಿಧಾನ. ಎರಡು ಗೆಲ್ಲು ನನ್ನ ಕೈಯಲ್ಲೇ ಮುರಿದವು. ಮತ್ತೆ ಕಟ್ಟುವಾಗ ರಬ್ಬರು ತಂತಿಯನ್ನೇ ಹಿಡಿದೆ. ಗೆಲ್ಲಿಗೂ ತಂತಿಗೂ ನಡುವೆ ಕಿರುಬೆರಳು ಆಡುವಷ್ಟು ಜಾಗ. ಬಿಗಿ ಮಾಡದೆ ನಿಲ್ಲಿಸುವುದು ನನ್ನ ಬೆರಳುಗಳಿಗೆ ಬರುತ್ತಿರಲಿಲ್ಲ, ಪ್ರತಿ ಸಲವೂ ಅವನ್ನು ತಡೆಯಬೇಕಾಗುತ್ತಿತ್ತು.

ನಡುವೆ ನಮ್ಮವರ ವರ್ಷದ ಎಡೆ ಬಂತು. ಶುಕ್ರವಾರ ರಜೆ ಕೇಳಲು ಎದುರಿಗೆ ಹೋಗಿ ನಿಂತೆ. ಇಂಥ ಸಮಯದಲ್ಲಿ ರಜೆಯೇ ಎನ್ನುತ್ತಾರೆ ಎಂದು ಹೆದರಿದ್ದೆ. ಕಾರಣ ಹೇಳಿದಾಗ ಅವರು ಟೊಪ್ಪಿ ಸರಿಮಾಡಿಕೊಂಡು, "ಹೋಗಿ ಬಾ. ನಿನ್ನ ಬೆಂಚನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು.

ಎಡೆ ಇದ್ದದ್ದು ಸಿಡ್ನಿಯಲ್ಲಿ, ದಿ ಪಾಂಡ್ಸ್ ಎಂಬ ಬಡಾವಣೆಯ ಅತ್ತಿಗೆಯ ಮನೆಯಲ್ಲಿ. ಅತ್ತಿಗೆ ನಮ್ಮವರ ಅಕ್ಕ. ಪೆಂಡಲ್ ಹಿಲ್‌ನ ಅಂಗಡಿಯಿಂದ ಬಾಳೆಲೆ ತಂದಿದ್ದರು. ಕೋಳಿ ಸುಕ್ಕ, ನೀರುದೋಸೆ, ಅವರಿಗೆ ಇಷ್ಟವಾಗಿದ್ದ ಬಂಗುಡೆ ಹುರಿದದ್ದು. ಮಗಳು ಎಲೆಯ ಮೇಲೆ ಬಡಿಸಿ ಕೈಮುಗಿದಳು. ಆಮೇಲೆ, ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿ, ನಾವೆಲ್ಲ ಹಿತ್ತಲಿನ ಬಟ್ಟೆ ಒಣಗಿಸುವ ಜಾಗದಲ್ಲಿ ನಿಂತೆವು.

"ಮತ್ತೆ, ಎಂತ ಕೆಲಸ ಮಾರಾಯ್ತಿ ನಿನ್ನದು? ನರ್ಸರಿ ಅಂದ್ರೆ ಹೂವಿನದ್ದಾ?" ಎಂದು ಅತ್ತಿಗೆ ಕೇಳಿದರು.

ಒಳಗೆ ಅವರು ಉಣ್ಣುತ್ತಿರುವಾಗ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗಾಂಜಾದ್ದು ಅತ್ತಿಗೆ. ಔಷಧಿಗೆ ಬೆಳೆಸ್ತಾರೆ" ಎಂದೆ.

ಅತ್ತಿಗೆ ನನ್ನ ಕಡೆಗೆ ತಿರುಗಿದರು. "ಅಂದ್ರೆ ಅವನಿಗೆ ಕೊಡ್ತಿದ್ದೆಯಲ್ಲ, ಆ ಆಯುರ್ವೇದದ್ದು!"

"ನಿಮಗೆ ಗೊತ್ತಿತ್ತಾ?"

"ಮೂಗಿಲ್ವಾ ನನಗೆ? ಆಯುರ್ವೇದ ಅಂತೆ, ಊರಿಂದ ಬಂದದ್ದಂತೆ! ನಿನ್ನ ಮುಖ ನೋಡಿ ಸುಮ್ಮನಾದದ್ದು."

ಆಗ ಆ ಆರು ದಿನದ ಮಾತು ನನ್ನ ಬಾಯಿಂದ ಹೊರಗೆ ಬಂತು. ಮಗಳಿಗೂ ನಾನದನ್ನು ಹೇಳಿರಲಿಲ್ಲ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವನೇ ಫೋನಲ್ಲಿ ಹೇಳಿದ್ದ ಮಾರಾಯ್ತಿ. 'ಮೆಣಸಿನ ಡಬ್ಬಿ ಹಿಂದೆ ಇಟ್ಟಿದ್ದಾಳೆ ಅಕ್ಕ, ಹೆದರ್ಕೊಂಡಿದ್ದಾಳೆ. ಧೈರ್ಯ ಬಂದ್ರೆ ಅವಳೇ ಕೊಡ್ತಾಳೆ, ನೀನು ಕೇಳ್ಬೇಡ' ಅಂತ. ನಗಾಡ್ತಿದ್ದ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅತ್ತಿಗೆ, "ಅದಿರ್ಲಿ, ನನ್ನ ಮೊಣಕಾಲಿಗೆ ಒಂಚೂರು ತರ್ಲಿಕ್ಕೆ ಆಗ್ತದಾ?" ಎಂದರು.

"ಒಂದು ಎಲೆ ತಂದ್ರೂ ನನ್ನನ್ನು ಜೈಲಿಗೆ ಹಾಕ್ತಾರೆ ಅತ್ತಿಗೆ. ಡಾಕ್ಟ್ರ ಹತ್ರ ಹೋಗಿ."

"ಎಂತ ಪ್ರಯೋಜನ ಮತ್ತೆ ನೀನು!" ಎನ್ನುತ್ತಾ ಅವರು ಹೋಗಿ, ಒಳಗೆ ಉಣ್ಣುತ್ತಿದ್ದವರಿಗೆ ತಿಳಿಯಲೆಂದು, ಬಾಗಿಲು ತಟ್ಟಿದರು. ಒಳಗೆ ಹೋಗಿ ಎಲ್ಲರೂ ಉಂಡೆವು. ನಾನು ಎರಡು ಸಲ ಬಡಿಸಿಕೊಂಡೆ.

ಸೋಮವಾರ ಮೆಲ್ಬರ್ನ್‌ಗೆ ಬಂದು ಕೆಲಸಕ್ಕೆ ಹೋದಾಗ ಬೆಂಚಿನ ಮೇಲೆ ಮೂರು ಕುಂಡಗಳ ಜಾಗ ಖಾಲಿ ಇತ್ತು. ಆ ಮೂರು ಗಿಡ ಉಳಿದಿರಲಿಲ್ಲ. ಉಳಿದವುಗಳ ಕುಡಿಗಳು ತಲೆ ಎತ್ತಿದ್ದವು. ದಾರ ಕೊರೆದ ಜಾಗಗಳಲ್ಲಿ ಗೆಲ್ಲು ಗೆಣ್ಣಿನ ಹಾಗೆ ಉಬ್ಬಿ ಗಟ್ಟಿಯಾಗಿತ್ತು. ಮುಟ್ಟಿ ನೋಡಿದೆ, ಮುರಿಯುವ ಹಾಗಿರಲಿಲ್ಲ.

ಆ ವಾರದ ಕೊನೆಗೆ ಇಪ್ಪತ್ತೊಂದು ಗಿಡಗಳೂ ಹೂ ಬಿಡುವ ಕೋಣೆಗೆ ಹೋದವು. ಬೇರೆ ಬೆಂಚುಗಳಿಗಿಂತ ಸ್ವಲ್ಪ ಗಿಡ್ಡ, ಅಷ್ಟೆ. ಬೆಂಚು ಒರೆಸಿ, ನೆಲ ತೊಳೆದು, ಇನ್ನೇನು ಮಾಡುವುದೆಂದು ತಿಳಿಯದೆ ನಿಂತಿದ್ದೆ. ನನ್ನನ್ನು ಆಫೀಸಿಗೆ ಕರೆಯುತ್ತಾರೆ ಎಂದುಕೊಂಡಿದ್ದೆ. ಮೇಲ್ವಿಚಾರಕರು ಕರೆಯಲಿಲ್ಲ. ತಾವೇ ಎರಡು ಟ್ರೇ ಹೊತ್ತುಕೊಂಡು ಬಂದರು. ತಾಯಿಗಿಡಗಳಿಂದ ಕತ್ತರಿಸಿ ನೆಟ್ಟ ಕಡ್ಡಿಗಳು, ಬುಡದಲ್ಲಿ ಬಿಳಿ ಬೇರು ಇಣುಕುತ್ತಿದ್ದವು.

"ಇವು ನಿನ್ನವು. ಮಧ್ಯಾಹ್ನದ ಮೇಲೆ ಬಂದು ಕಾಗದಕ್ಕೆ ಸಹಿ ಹಾಕು, ಈಗ ಇವಕ್ಕೆ ಕಾಯಲು ಪುರಸೊತ್ತಿಲ್ಲ" ಎಂದು ಹೇಳಿ ಹೊರಟೇಬಿಟ್ಟರು.

ಚಹಾದ ಹೊತ್ತಿಗೆ ಲಾಕರಿನಿಂದ ಫೋನು ತೆಗೆದು ಮಗಳಿಗೆ ಮಾಡಿದೆ.

"ಅಮ್ಮಾ! ಏನಂದ್ರು? ಇಟ್ಕೊಂಡ್ರಾ?"

"ಅನ್ನಕ್ಕೆ ನೀನೇ ಇಟ್ಟುಬಿಡು" ಎಂದೆ. "ನಾನು ಬರೋದು ತಡ ಆಗ್ತದೆ. ಇನ್ನೂ ಹದಿನೆಂಟು ಸಸಿ ಕುಂಡಕ್ಕೆ ಇಳಿಸ್ಲಿಕ್ಕುಂಟು."