ಗೋಡೆಗೆ ಜ್ವರ

ಚಳಿಗಾಲ ಬಂತೆಂದರೆ ಮನೆಯೊಡತಿಯ ಕಣ್ಣು ಬಲ್ಬಿನ ಮೇಲೆಯೇ ಇರುತ್ತದೆ. ಅದು ತುಸು ಮಂಕಾದರೂ ಸಾಕು, ಬಾಡಿಗೆದಾರರ ಬಾಗಿಲಲ್ಲಿ ಪ್ರತ್ಯಕ್ಷಳಾಗಿ, ಪ್ಲಗ್ಗಿನ ಸುತ್ತಲಿನ ಗೋಡೆಯನ್ನು ಮಗುವಿನ ಹಣೆಯೆಂಬಂತೆ ಮುಟ್ಟಿ ನೋಡುತ್ತಾಳೆ. "ಹೀಟರು, ಇಸ್ತ್ರಿಪೆಟ್ಟಿಗೆ ಎರಡೂ ಒಂದೇ ಬೋರ್ಡಿಗೆ ಚುಚ್ಚಿದ್ದೀಯಲ್ಲೋ ಪುಣ್ಯಾತ್ಮ, ಗೋಡೆಗೆ ಜ್ವರ ಬಂದಿದೆ." "ತುಂಬಾ ಚಳಿ, ಅಮ್ಮಾ." "ಕಂಬಳಿಗೆ ಫ್ಯೂಸ್ ಬೇಕಿಲ್ಲ, ಹೊದ್ಕೊ." ಇಡೀ ಮನೆಯ ಹಳೆಯ ತಂತಿ ಒಂದು ಹೀಟರಿನ ಭಾರವನ್ನಷ್ಟೇ ತಾಳುತ್ತದೆಂದು ಆಕೆ ಬಲ್ಲಳು. ಆ ಒಂದು ಹೀಟರು ಆಕೆಯದೇ ಎಂದು ಬಾಡಿಗೆದಾರರು ಗೊಣಗುವುದುಂಟು. ಆಕೆಯದೇ, ನಿಜ; ಆದರೆ ಈ ವರ್ಷ ಅದು ಉರಿಯುತ್ತಿರುವುದು ಮಹಡಿಯಲ್ಲಿ, ಬಾಣಂತಿಯೊಬ್ಬಳ ಹಸುಗೂಸಿನ ತೊಟ್ಟಿಲ ಪಕ್ಕ. ಕೆಳಗೆ ಒಡತಿ ಎರಡು ಶಾಲು ಹೊದ್ದು ಕುಳಿತಿರುವುದನ್ನು ಕಂಡು ಬಾಣಂತಿ ಸಂಕೋಚಪಟ್ಟರೆ, "ನನಗೆ ಸೆಕೆ ಕಣಮ್ಮಾ. ನೀನು ಹೋಗಿ ಬಾಗಿಲು ಹಾಕ್ಕೊ" ಎನ್ನುತ್ತಾಳೆ.